ಓಬಳೇಶನ ಟ್ಯಾಂಕಿನ ನೀರು ಕದ್ದವರು

ಓಬಳೇಶ ತನ್ನ ಮನೆಯ ತಾರಸಿಯ ಮೇಲೆ ಕಪ್ಪು ಪ್ಲಾಸ್ಟಿಕ್ ಟ್ಯಾಂಕು ಕೂರಿಸಿದ ದಿನ ಬೀದಿಗೆಲ್ಲ ಪೇಡ ಹಂಚಿದ. ಮಗ ಹುಟ್ಟಿದಾಗ ಹಂಚಿದ್ದು ಬರೀ ಸಕ್ಕರೆ. ಹೆಂಡತಿ ಗೀತಮ್ಮ ಈ ವ್ಯತ್ಯಾಸವನ್ನು ಗಮನಿಸಿದಳು, ಆದರೆ ಆಗ ಏನೂ ಅನ್ನಲಿಲ್ಲ. ಗಮನಿಸಿದ್ದನ್ನು ಜೋಪಾನವಾಗಿಟ್ಟು ಸಮಯ ನೋಡಿ ಹೊರಗೆ ತೆಗೆಯುವ ಹೆಂಗಸು ಅವಳು.

ಅದು ತೊಂಬತ್ತೆಂಟರ ಬೇಸಿಗೆ. ಚಳ್ಳಕೆರೆಯ ಆ ಬೀದಿಯಲ್ಲಿ ತಾರಸಿ ಮೇಲೆ ಟ್ಯಾಂಕು ಬಂದದ್ದು ಅದೇ ಮೊದಲು. ಕುಡಿಯುವುದಕ್ಕೂ ಅಡುಗೆಗೂ ಬೀದಿ ನಲ್ಲಿಯ ನೀರು ಹಿಡಿದಿಟ್ಟುಕೊಳ್ಳುತ್ತಿದ್ದರು, ಮಿಕ್ಕ ಎಲ್ಲದಕ್ಕೂ ಬಾವಿ. ಓಬಳೇಶನ ಬಾವಿ ಪೂರ್ತಿ ಓಬಳೇಶನದಲ್ಲ. ಅವನ ತಾತನೂ ಪಕ್ಕದ ಮನೆಯ ಹುಸೇನ್ ಸಾಬರ ತಾತನೂ ಸೇರಿ ತೋಡಿಸಿದ್ದು. ಎರಡು ಹಿತ್ತಲುಗಳ ನಡುವಿನ ಗೋಡೆ ಬಾವಿಯ ಬಾಯಿಯ ಮೇಲೆಯೇ ಹಾದುಹೋಗಿತ್ತು. ಈಚೆಗೊಂದು ರಾಟೆ, ಆಚೆಗೊಂದು ರಾಟೆ. ಎರಡು ಮನೆಯ ಹೆಂಗಸರೂ ಒಬ್ಬರ ಮುಖ ಒಬ್ಬರು ನೋಡದೆ, ಬಾವಿಯೊಳಕ್ಕೆ ಬಗ್ಗಿ ಮಾತಾಡಿಕೊಂಡೇ ನೀರು ಸೇದುತ್ತಿದ್ದರು. ಆ ಬೀದಿಯ ಅರ್ಧ ಸುದ್ದಿ ಹೀಗೆ ಬಾವಿಯ ಮೂಲಕವೇ ಸಂಚರಿಸುತ್ತಿತ್ತು.

ಈ ಬಾವಿಯ ಪಕ್ಕಕ್ಕೆ ಓಬಳೇಶ ಒಂದು ಮೋಟರು ಕೂರಿಸಿದ. ನೀರು ಏರುವ ಪೈಪು ಟ್ಯಾಂಕಿನ ಮೇಲಿನಿಂದ ಬಗ್ಗಿ ಒಳಕ್ಕೆ ಬೀಳಬೇಕು ಎಂದು ಪೈಪು ಜೋಡಿಸಲು ಬಂದವನು ಹೇಳಿದಾಗ ಓಬಳೇಶ ಸುತರಾಂ ಒಪ್ಪಲಿಲ್ಲ. ಪೈಪು ಮೇಲೆದ್ದು ನಿಂತರೆ ಬೀದಿಯಲ್ಲಿ ಹೋಗುವವರಿಗೆ ಟ್ಯಾಂಕು ಅಂದವಾಗಿ ಕಾಣುವುದಿಲ್ಲ.

"ತಳದಾಗೇ ತೂತು ಹೊಡ್ದು ಅಲ್ಲಿಂದ್ಲೇ ಹತ್ಸು. ನೀರಿಗೆ ಮ್ಯಾಲಿಂದ ಹೋದ್ರೇನು, ಕೆಳಗಿಂದ ಹೋದ್ರೇನು?"

ಬಂದವನು ಕೂಲಿ ಇಸಿದುಕೊಂಡು, ಹೇಳಿದ ಹಾಗೆ ಮಾಡಿ ಹೋದ.

ಸ್ವಲ್ಪ ದಿನ ಎಲ್ಲ ಸುಸೂತ್ರ. ಓಬಳೇಶ ಬಂದವರಿಗೆಲ್ಲ ನಲ್ಲಿ ತಿರುಗಿಸಿ ತೋರಿಸಿದ. ಆಮೇಲೆ ಟ್ಯಾಂಕಿಗೆ ಏನೋ ಬಂತು. ಬೆಳಿಗ್ಗೆ ಕರೆಂಟಿದ್ದಾಗ ತುಂಬಿಸಿ ಹೋದರೆ ಸಂಜೆ ಅವನು ಕೆಲಸದಿಂದ ಬರುವಷ್ಟರಲ್ಲಿ ನಲ್ಲಿ ಬರೀ ಕೆಮ್ಮುತ್ತಿತ್ತು. ಮೋಟರು ಹಾಕಿದರೆ ಅದೂ ನೀರೆತ್ತದೆ ಬೊಬ್ಬೆ ಹೊಡೆಯುತ್ತಿತ್ತು. ಅದಕ್ಕೆ ಮತ್ತೆ ಕೊಡದಿಂದ ನೀರು ಕುಡಿಸಿ ಚಾಲೂ ಮಾಡಬೇಕಾಯಿತು.

"ನೋಡ್ದಾ? ಟ್ಯಾಂಕಿನ ನೀರಷ್ಟೇ ಅಲ್ಲ, ಪೈಪಿನಾಗಿರೋ ನೀರ್ನೂ ಬಿಟ್ಟಿಲ್ಲ ಕಳ್ಳ ನನ್ಮಗ!" ಎಂದ ಓಬಳೇಶ.

ಕಳ್ಳ ಎಂಬ ಮಾತು ಅವನ ಬಾಯಿಂದ ಅಷ್ಟು ಸಲೀಸಾಗಿ ಬಂದದ್ದಕ್ಕೆ ಕಾರಣವಿದೆ. ಅವನು ಶೇಂಗಾ ಎಣ್ಣೆ ಮಿಲ್ಲಿನಲ್ಲಿ ತೂಕದ ಗುಮಾಸ್ತ. ಮಿಲ್ಲಿನಲ್ಲಿ ಈ ಪೀಪಾಯಿಯಿಂದ ಆ ಪೀಪಾಯಿಗೆ ಹೋಗುವಷ್ಟರಲ್ಲಿ ಎಣ್ಣೆ ಕಡಿಮೆಯಾದರೆ ನಡುವೆ ಒಬ್ಬ ಮನುಷ್ಯ ಇದ್ದೇ ಇರುತ್ತಾನೆ. ಎಣ್ಣೆ ತಾನಾಗಿ ಎಲ್ಲಿಗೂ ಎದ್ದು ಹೋಗುವುದಿಲ್ಲ. ನೀರಾದರೂ ಅಷ್ಟೇ ಎಂದು ಓಬಳೇಶ ತೀರ್ಮಾನಿಸಿದ. ಇಷ್ಟು ಗಟ್ಟಿಯಾದ ತರ್ಕವನ್ನು ತಾಲೂಕಿನ ಯಾವ ವಕೀಲನೂ ಒಡೆಯಲಾರ.

ಆದರೂ ನ್ಯಾಯವಾಗಿರಬೇಕೆಂದು ಮೊದಲು ಟ್ಯಾಂಕು ತೂತಾಗಿದೆಯೋ ಎಂದು ನೋಡಲು ಖಾಲಿ ಟ್ಯಾಂಕಿನೊಳಗೆ ಇಳಿದ. ಇಳಿಯುವಾಗ ಸಲೀಸಾಗಿ ಇಳಿದ ಹೊಟ್ಟೆ ಹತ್ತುವಾಗ ಟ್ಯಾಂಕಿನ ಬಾಯಲ್ಲಿ ಸಿಕ್ಕಿಕೊಂಡಿತು. "ಗೀತಾ! ಗೀತಾ!" ಎಂದು ಒಳಗಿಂದ ಕೂಗಿದ ದನಿ ಇಡೀ ಬೀದಿಗೆ ಆಕಾಶವಾಣಿಯಾಗಿ ಕೇಳಿಸಿತು. ಎದುರು ಮನೆಯ ಜಯಕ್ಕ ಕೈಮುಗಿದು ನಿಂತಳಂತೆ. ಕೊನೆಗೆ ಹುಸೇನ್ ಸಾಬರೂ ಅವರ ಮಗ ಆಸಿಮನೂ ಏಣಿ ಹತ್ತಿ ಬಂದು, ಬಗಲಿಗೆ ಕೈಹಾಕಿ ಅವನನ್ನು ಹೊರಕ್ಕೆ ಎಳೆದರು. ತೂತಂತೂ ಇರಲಿಲ್ಲ.

ಅವನ ತಾಯಿ ಮುದ್ದಕ್ಕನ ವರದಿ ಬೇರೆಯೇ ಇತ್ತು. "ಕರೆಂಟಿಲ್ದಾಗ ಆ ಮೋಟರಿನ ಹಿಂದಿನ ಫ್ಯಾನು ತಾನೇ ತಿರುಗ್ತೈತೆ ಕಣಪ್ಪ. ಅದೂ ಉಲ್ಟಾ. ನಾನು ಕಣ್ಣಾರ ನೋಡಿದೀನಿ. ಅದಕ್ಕೇನೋ ಮೆಟ್ಕಂಡೈತೆ."

"ನೀನು ಸುಮ್ನಿರವ್ವ! ಕರೆಂಟಿಲ್ದೆ ಫ್ಯಾನ್ ತಿರುಗಾಕೆ ಅದೇನು ಗಿರಿಗಿಟ್ಲೆನಾ?"

ಮುದ್ದಕ್ಕ ಸುಮ್ಮನಿದ್ದಳು. ಮೋಟರಿಗೆ ಒಂದು ನಿಂಬೆಹಣ್ಣು ಕಟ್ಟಿ, ಬೇವಿನ ಸೊಪ್ಪು ಸಿಕ್ಕಿಸಿ, ಆಮೇಲೆ ಸುಮ್ಮನಿದ್ದಳು.

ಓಬಳೇಶನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಮಿಲ್ಲಿನಲ್ಲಿ ತೂಕ ಹಿಡಿದವನು ಚೀಲವನ್ನು ಕಾಟಾದ ಮೇಲೆಯೇ ಬಿಟ್ಟು ಸೈಕಲ್ ಹತ್ತಿ ಮನೆಗೆ ಬರುತ್ತಿದ್ದ. ಟ್ಯಾಂಕನ್ನು ತಟ್ಟಿ ನೋಡುತ್ತಿದ್ದ. ಅರ್ಧದಿಂದ ಮೇಲಕ್ಕೆ ಟೊಳ್ಳಾಗಿ ಡಬ್ ಎನ್ನುವುದು. ಬೆವರು ಒರೆಸಿಕೊಂಡು ಮತ್ತೆ ಮಿಲ್ಲಿಗೆ. ಹಾಗೆ ಬಂದ ಒಂದು ಸಲ ತಾರಸಿಯಿಂದ ಹುಸೇನ್ ಸಾಬರ ಹಿತ್ತಲು ಕಣ್ಣಿಗೆ ಬಿತ್ತು. ಡ್ರಮ್ಮು ತುಂಬಿದೆ. ಅಂಗಳ ತೊಳೆದಿದೆ. ಗೋಡೆಗೆ ಸುಣ್ಣ ಬಳಿಯುತ್ತಿದ್ದಾರೆ. ಮಲ್ಲಿಗೆ ಬಳ್ಳಿಯ ಬುಡ ಒದ್ದೆ. ಅವರ ಮನೆಯ ಹಗ್ಗ, ಅವರ ಬಕೆಟು, ಅವರ ತೋಳು, ಅವರ ಪಾಲಿನ ಬಾವಿ ಎಂಬ ಸಂಗತಿ ಅವನಿಗೆ ಹೊಳೆಯಲೇ ಇಲ್ಲ. ಅನುಮಾನದ ಹುಳ ಒಳಗೆ ಹೊಕ್ಕ ಮೇಲೆ ಮನುಷ್ಯನಿಗೆ ಕಣ್ಣೆದುರಿನ ಹಗ್ಗವೂ ಕಾಣುವುದಿಲ್ಲ.

ಅದೇ ಉರಿಯಲ್ಲಿ ಮಿಲ್ಲಿನ ಎದುರಿನ ಟೀ ಅಂಗಡಿಗೆ ಹೋಗಿ ಕೂತ. ಪಕ್ಕದಲ್ಲಿ ಬಿಳಿ ಗಡ್ಡದ, ಶುಭ್ರ ಜುಬ್ಬಾದ ಒಬ್ಬರು ಚೀಲ ತೊಡೆಯ ಮೇಲಿಟ್ಟುಕೊಂಡು ಟೀ ಕುಡಿಯುತ್ತಿದ್ದರು.

"ಸೈಕಲ್ ಷಾಪಿನ ಹುಸೇನ್ ಸಾಬರ ಮನೆ ನಿಮ್ಗೆ ಗೊತ್ತೇನ್ರಿ?" ಎಂದು ಅವರೇ ಕೇಳಿದರು.

"ಗೊತ್ತಾ? ನಮ್ದೂ ಅವ್ರದೂ ಒಂದೇ ಗ್ವಾಡೆ!"

"ಹೆಂಗೆ ಜನ?"

ಈ ಪ್ರಶ್ನೆಯನ್ನು ಹಿಂದಿನ ತಿಂಗಳು ಕೇಳಿದ್ದರೆ ಓಬಳೇಶ ಚಿನ್ನದಂಥ ಜನ ಎನ್ನುತ್ತಿದ್ದ. ಈಗ ಟೀ ಲೋಟ ಕೆಳಗಿಟ್ಟು, ದನಿ ತಗ್ಗಿಸಿ, ತಗ್ಗಿಸಿದ ದನಿಯಲ್ಲೇ ಇಡೀ ಅಂಗಡಿಗೆ ಕೇಳುವಂತೆ ಹೇಳಿದ. "ಜನ ಏನೋ ಒಳ್ಳೇರೇ. ಆದ್ರೆ ಕೈ ಸುಮ್ನಿರಲ್ಲ ನೋಡ್ರಿ. ನಾನು ಟ್ಯಾಂಕ್ ತುಂಬ್ಸಿ ಈ ಕಡೆ ಬಂದ್ರೆ ಸಾಕು, ಆ ಕಡೆ ಖಾಲಿ. ನೀರಿಗೇ ಹಿಂಗೆ ಮಾಡೋರು ಇನ್ನು ಮಿಕ್ಕಿದ್ದಕ್ಕೆ ಬಿಡ್ತಾರಾ?"

ಗಡ್ಡದವರು "ಹೌದಾ" ಎಂದು ಟೀ ಅರ್ಧಕ್ಕೇ ಬಿಟ್ಟು ಎದ್ದರು. ಮನಸ್ಸು ಹಗುರಾದ ಓಬಳೇಶ ಇನ್ನೊಂದು ಟೀ ಹೇಳಿದ.

ಸಂಜೆ ಗೀತಮ್ಮ ಬಾವಿಯಿಂದ ಬಂದ ಸುದ್ದಿಯನ್ನು ಸಂಭ್ರಮದಿಂದ ಬಡಿಸಿದಳು. ಹುಸೇನ್ ಸಾಬರ ಹೆಂಡತಿ ಖುರ್ಷೀದ್ ಬೇಗಂ ಹೇಳಿದ್ದಂತೆ. ಅವರ ಮಗಳು ಶಮಾಗೆ ಮೊಳಕಾಲ್ಮೂರಿನ ಗಂಡು ಬಂದಿದೆ, ರೇಷ್ಮೆ ಸೀರೆ ವ್ಯಾಪಾರದ ಮನೆತನ. ಬರುವ ಶುಕ್ರವಾರ ಮಾತು ಮುಗಿಸಿ ಬಾಯಿ ಸಿಹಿ ಮಾಡುವುದಕ್ಕೆ ಬರುತ್ತಾರೆ.

"ಹುಡುಗನ ಸೋದರಮಾವ, ಜುಲ್ಫಿಕರ್ ಅಂತೆ. ಇವತ್ತು ಯಾರಿಗೂ ಹೇಳ್ದೆ ಒಬ್ರೇ ಬಂದು ಊರಾಗೆ ವಿಚಾರಿಸ್ಕಂಡು ಹೋದ್ರಂತೆ. ಬಿಳಿ ಗಡ್ಡ, ಕೈಯಾಗೊಂದು ಚೀಲ. ಯಾರನ್ನ ಕೇಳಿದ್ರೋ ಏನೋ. ಯಾಕ್ರೀ, ಮುದ್ದೆ ಗಂಟ್ಲಾಗೆ ಸಿಕ್ಕಂತಾ?"

ಮುದ್ದೆ ನಿಜಕ್ಕೂ ಸಿಕ್ಕಿಕೊಂಡಿತ್ತು. ಶಮಾ ಅವನ ಹೆಗಲ ಮೇಲೆ ಕೂತು ಊರು ನೋಡಿದ ಮಗು. ಈಗಲೂ ಗೋಡೆಯಾಚೆಯಿಂದ "ಓಬಳೇಶ್ ಮಾಮಾ" ಎಂದು ಕೂಗಿ ಹಬ್ಬದ ಸೇವಿಗೆ ದಾಟಿಸುವ ಹುಡುಗಿ. ಅವಳ ಮದುವೆಯನ್ನು ಒಂದು ಟೀ ಕುಡಿಯುವಷ್ಟರಲ್ಲಿ ಅವನು ಕೆಡಿಸಿ ಬಂದಿದ್ದ. ಓಬಳೇಶನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಬೇರೆ ಯಾರಾದರೂ ಆಗಿದ್ದರೆ ಮೊಳಕಾಲ್ಮೂರಿಗೆ ಹೋಗಿ ತಪ್ಪಾಯಿತು ಎನ್ನುತ್ತಿದ್ದರು. ಓಬಳೇಶನೂ ಮೊಳಕಾಲ್ಮೂರಿನ ಬಸ್ಸನ್ನೇ ಹತ್ತಿದ, ಆದರೆ ಇಳಿದು ಹೋದದ್ದು ತನ್ನ ಮಾವ ಯರ್ರಪ್ಪನ ಮನೆಗೆ. ದಾರಿಯುದ್ದಕ್ಕೂ ಅವನು ಯೋಚಿಸಿದ್ದಿಷ್ಟು: ಸುಮ್ಮನೆ ತಪ್ಪಾಯಿತು ಎಂದರೆ ಯಾರು ನಂಬುತ್ತಾರೆ? ನಿಜವಾದ ಕಳ್ಳನನ್ನು ಶುಕ್ರವಾರದೊಳಗೆ ಹಿಡಿದು ನಿಲ್ಲಿಸಬೇಕು. ಆಗ ಸಾಬರ ಹೆಸರು ತಾನಾಗಿ ತೊಳೆದುಹೋಗುತ್ತದೆ.

ಯರ್ರಪ್ಪ ರೇಷ್ಮೆ ನೂಲಿಗೆ ಬಣ್ಣ ಹಾಕುವವನು. ಅವನ ಮೊಣಕೈವರೆಗಿನ ಚರ್ಮದ ನಿಜವಾದ ಬಣ್ಣ ಯಾವುದೆಂದು ಅತ್ತೆಗೂ ಮರೆತುಹೋಗಿತ್ತು.

"ಏಮಯ್ಯಾ, ರಾಣಿ ಬಣ್ಣ ಯಾತಕ್ಕೆ? ನನ್ ಮಗಳಿಗೆ ಸೀರೆ ಮಾಡಿಸ್ತೀಯಾ?"

"ಹೂಂ ಮಾವ. ಸ್ವಲ್ಪ ದೊಡ್ಡ ಸೀರೆ. ಒಂದು ಡಬ್ಬಿ ಪೂರ್ತಿ ಕೊಡ್ರಿ."

"ಡಬ್ಬಿನಾ? ಇದ್ರಾಗೆ ಮದ್ವೆ ಚಪ್ಪರಾನೇ ಅದ್ದಬಹುದಲ್ಲಯ್ಯ! ಕೈಗೆ ಪ್ಲಾಸ್ಟಿಕ್ ಕವರ್ ಕಟ್ಕಂಡು ಕಲ್ಸು. ಮೈಗೆ ಹತ್ತಿದ್ರೆ ಬೇಗ ಬಿಡಲ್ಲ."

ಬೇಗ ಬಿಡುವುದಿಲ್ಲ ಎಂಬ ಮಾತು ಓಬಳೇಶನ ಕಿವಿಗೆ ಜೇನಾಯಿತು.

ಕಣ್ಣು ಕುಕ್ಕುವ ಕಡುಗುಲಾಬಿ ಬಣ್ಣವೇನೋ ಸಿಕ್ಕಿತು, ಆದರೆ ಮಿಲ್ಲಿನ ಕೆಲಸದ ನಡುವೆ ಗುರುವಾರ ಕಳೆದೇ ಹೋಯಿತು. ಶುಕ್ರವಾರ ಬೆಳಕು ಹರಿಯುತ್ತಿದ್ದಂತೆ ಟ್ಯಾಂಕು ತುಂಬಿಸಿ, ಕೈಗೆ ಕವರು ಕಟ್ಟಿ, ಡಬ್ಬಿಯನ್ನು ಟ್ಯಾಂಕಿಗೆ ಸುರಿದು ಕೋಲಿನಿಂದ ಕದಡಿದ. ಕಳ್ಳ ಯಾರೇ ಆಗಲಿ, ಮಧ್ಯಾಹ್ನದ ಹೊತ್ತಿಗೆ ಅವನ ಕೈ ರಾಣಿ ಬಣ್ಣವಾಗಿರಬೇಕು. ಮನೆಯಲ್ಲಿ ಮಾತ್ರ ಗುಟ್ಟು ಬಿಡಲಿಲ್ಲ. ಗೀತಮ್ಮನಿಗೆ ಹೇಳಿದ್ದು ಬಾವಿಗೆ ಹೇಳಿದಂತೆ, ಬಾವಿಗೆ ಹೇಳಿದ್ದು ಊರಿಗೇ ಹೇಳಿದಂತೆ.

"ಇವತ್ತು ಯಾರೂ ನಲ್ಲಿ ಮುಟ್ಬೇಡ್ರಿ. ಎಲ್ಲಾದ್ಕೂ ಬಾವಿ ನೀರೇ ಸೇದ್ಕಳ್ರಿ" ಎಂದಷ್ಟೇ ಕಟ್ಟಪ್ಪಣೆ ಮಾಡಿ, ಠಾಣೆಯ ಪೇದೆ ಪಾಲಣ್ಣನಿಗೆ ಮಧ್ಯಾಹ್ನ ಬೀದಿಗೆ ಬರಲು ಹೇಳಿ ಮಿಲ್ಲಿಗೆ ಹೋದ. ಪಾಲಣ್ಣ ಅವನ ಜೊತೆ ಓದಿದವನು. ಕಳ್ಳ ತಾನಾಗಿ ಬಣ್ಣ ಬಳಿದುಕೊಂಡು ಸಿಗುತ್ತಾನೆ ಎಂದರೆ ಯಾವ ಪೊಲೀಸು ಬೇಡವೆನ್ನುತ್ತಾನೆ?

ಅತ್ತ ಹುಸೇನ್ ಸಾಬರ ಮನೆಯಲ್ಲಿ ಗಡಿಬಿಡಿ. ಅಡುಗೆಗೆ ನಿನ್ನೆಯೇ ಬೀದಿ ನಲ್ಲಿಯ ನೀರು ಹಿಡಿದಿಟ್ಟಿದ್ದರು. ಬರುವವರು ಕೈಕಾಲು ಮುಖ ತೊಳೆಯಲೆಂದು ಆಸಿಮ್ ಟೈರಿನ ಕಪ್ಪು ಬಕೆಟಿನಲ್ಲಿ ಬಾವಿಯ ನೀರು ಸೇದಿ ಸೇದಿ, ಬಚ್ಚಲಿನ ತಾಮ್ರದ ಹಂಡೆಗೆ ಸುರಿದ. ಬಚ್ಚಲು ಕತ್ತಲು. ತಾಮ್ರದ ಹಂಡೆಯಲ್ಲಿ ಯಾವ ನೀರಾದರೂ ಕೆಂಪಗೇ ಕಾಣುತ್ತದೆ. ಮೊಳಕಾಲ್ಮೂರಿನವರು ಬಂದರು, ತೊಳೆದರು, ಬಿಳಿ ಟವೆಲಿನಲ್ಲಿ ಒರೆಸಿಕೊಂಡು ಒಬ್ಬೊಬ್ಬರಾಗಿ ಬೆಳಕಿಗೆ ಹೊರಟರು.

ಬೆಳಕಿಗೆ ಮೊದಲು ಬಂದವರು ಜುಲ್ಫಿಕರ್. ಆ ಹೊತ್ತಿಗೆ ಸರಿಯಾಗಿ ಓಬಳೇಶ ಸೈಕಲಿನಲ್ಲಿ ಬಂದ. ಸಾಬರ ಜಗುಲಿಯ ಮೇಲೆ ರಾಣಿ ಬಣ್ಣದ ಗಡ್ಡ, ರಾಣಿ ಬಣ್ಣದ ಅಂಗೈ! ಮುಖ ಯಾರದೆಂದು ನೋಡುವ ವ್ಯವಧಾನ ಅವನಿಗಿರಲಿಲ್ಲ. ಸೈಕಲನ್ನು ಹಾಗೆಯೇ ಕೈಬಿಟ್ಟು ಓಡಿ, ಅವರ ಮಣಿಕಟ್ಟು ಹಿಡಿದ.

"ಸಿಕ್ಕ! ಪಾಲಣ್ಣಾ, ಬಾರಲೇ! ಸಿಕ್ಕ ಕಳ್ಳ!"

"ಯಾ ಅಲ್ಲಾ! ಯಾರ್ರೀ ನೀವು?" ಎಂದರು ಜುಲ್ಫಿಕರ್. ಮರುಕ್ಷಣ ಇಬ್ಬರಿಗೂ ಒಬ್ಬರ ಗುರುತು ಒಬ್ಬರಿಗೆ ಹತ್ತಿತು.  ಓಬಳೇಶನಿಗೆ ಹಿಡಿದ ಕೈ ಬಿಡುವುದು ಮಾತ್ರ ನೆನಪಾಗಲಿಲ್ಲ.

ಅಷ್ಟರಲ್ಲಿ ಹುಡುಗನ ತಂದೆ ಬಂದರು, ಹಣೆಯೆಲ್ಲ ರಾಣಿ ಬಣ್ಣ. ಮದುವೆ ಗಂಡು ಬಂದ, ಕೆನ್ನೆ ರಾಣಿ ಬಣ್ಣ, ಅವನೊಬ್ಬನಿಗೆ ಒಪ್ಪುತ್ತಿತ್ತು. ಹುಸೇನ್ ಸಾಬರು, ಆಸಿಮ್ ಎಲ್ಲರೂ ಅದೇ ಬಣ್ಣದವರು. ಪಾಲಣ್ಣ ಟೋಪಿ ಸರಿಮಾಡಿಕೊಂಡು ಗುಂಪನ್ನು ನೋಡಿದ.

"ಇಷ್ಟೂ ಜನ ಕಳ್ರೇನೋ? ಠಾಣೇಲಿ ಜಾಗ ಇಲ್ಲ ಕಣಪ್ಪ."

"ರೀ! ಇಲ್ನೋಡ್ರೀ!" ಎಂದು ಈಚೆ ಮನೆಯಿಂದ ಗೀತಮ್ಮ ಕೂಗುತ್ತ ಬಂದಳು. ಒಗೆಯಲು ಹಾಕಿದ್ದ ಅವನ ಬಿಳಿ ಪಂಚೆ ಅವಳ ಕೈಯಲ್ಲಿ ರೇಷ್ಮೆ ಸೀರೆಯ ಸೆರಗಿನಷ್ಟು ಝಗಝಗಿಸುತ್ತಿತ್ತು. ಅವಳ ಹಿಂದೆ ಈಗಷ್ಟೇ ತಲೆಗೆ ನೀರು ಹಾಕಿಕೊಂಡ ಮುದ್ದಕ್ಕ. ಬೆಳ್ಳಗಿದ್ದ ಕೂದಲು ಬುಡದಿಂದ ತುದಿಯವರೆಗೆ ರಾಣಿ ಬಣ್ಣ.

ಪಾಲಣ್ಣ ನಿಟ್ಟುಸಿರು ಬಿಟ್ಟ. "ನಿಮ್ಮವ್ವನ್ನೂ ಒಳಗೆ ಹಾಕ್ಲಾ?"

ಜುಲ್ಫಿಕರ್ ತಮ್ಮ ಅಂಗೈಯನ್ನು ಬಿಸಿಲಿಗೆ ಹಿಡಿದು ನೋಡಿದರು. "ಇದು ನಮ್ಮೂರಿನ ರೇಷ್ಮೆ ಬಣ್ಣ. ದಿನಾ ನೋಡೋ ಮಾಲು, ನಂಗೆ ಗೊತ್ತಾಗಲ್ವಾ? ನೀರಿಗೆ ಯಾರು ಹಾಕಿದ್ರು?"

ಬಣ್ಣ ಹತ್ತದ ಕೈ ಆ ಬೀದಿಯಲ್ಲಿ ಪೇದೆಯನ್ನು ಬಿಟ್ಟರೆ ಒಬ್ಬನದೇ ಇತ್ತು. ಎಲ್ಲರೂ ಆ ಕೈಯನ್ನು ನೋಡಿದರು.

"ನಾನೇ ಹಾಕಿದ್ದು. ಆದ್ರೆ ಟ್ಯಾಂಕಿಗೆ ಹಾಕಿದ್ದು! ಟ್ಯಾಂಕಿಂದು ಬಾವಿಗೆ ಹೆಂಗೆ..." ಎನ್ನುತ್ತ ಓಬಳೇಶ ಹಿತ್ತಲಿಗೆ ಓಡಿದ. ಎರಡು ಊರಿನ ಜನ ಅವನ ಹಿಂದೆ ಓಡಿದರು. ಬೇಸಿಗೆಗೆ ತಳ ಸೇರಿದ್ದ ಬಾವಿಯ ನೀರು ಕಡು ರಾಣಿ ಬಣ್ಣಕ್ಕೆ ತಿರುಗಿತ್ತು. ಕರೆಂಟು ಇರಲಿಲ್ಲ. ಆದರೂ ಮೋಟರಿನ ಫ್ಯಾನು ಮುದ್ದಕ್ಕನ ವರದಿಯ ಪ್ರಕಾರವೇ ಉಲ್ಟಾ ತಿರುಗುತ್ತಿತ್ತು. ಬಾವಿಯೊಳಗೆ ಮುಳುಗಿದ್ದ ಪೈಪಿನ ತುದಿಯಿಂದ ಬಣ್ಣದ ನೀರು ಯಾರ ಹಂಗೂ ಇಲ್ಲದೆ ಬುಳುಬುಳು ಉಕ್ಕುತ್ತಿತ್ತು. ಏರಿದ ನೀರು ಇಳಿಯದಂತೆ ತಡೆಯಲು ಆ ತುದಿಯಲ್ಲಿ ಒಂದು ವಾಲ್ವು ಇರುತ್ತದೆ. ಅದರ ವಾಷರು ಹರಿದಿತ್ತು. ಪೈಪು ಟ್ಯಾಂಕಿನ ತಳಕ್ಕೇ ಸೇರಿದ್ದರಿಂದ, ಇಷ್ಟು ದಿನವೂ ಟ್ಯಾಂಕಿನ ಅಷ್ಟೂ ನೀರು ಬಂದ ದಾರಿಯಲ್ಲೇ ವಾಪಸು ಬಾವಿಗೆ ಹೋಗುತ್ತಿತ್ತು.

ಪಾಲಣ್ಣ ಬಾವಿಯನ್ನು ಬಗ್ಗಿ ನೋಡಿ ತನಿಖೆ ಮುಗಿಸಿದ. "ಮಾಲು ಸಿಕ್ತು. ಕಳ್ಳನೂ ಸಿಕ್ಕ. ಈ ಬಾವೀನ ನಾನು ಹೆಂಗೆ ಎಳ್ಕಂಡು ಹೋಗ್ಲಿ?"

ಯಾರೋ ನಕ್ಕರು. ಹುಸೇನ್ ಸಾಬರು ನಗಲಿಲ್ಲ.

"ನಮ್ಮನ್ನ ಹಿಡಿಯಾಕೆ ಹಾಕಿದ್ಯಾ ಓಬಳೇಶ?"

"ಇಲ್ಲ ಸಾಬ್ರೇ! ನಿಮ್ಮ ಹೆಸ್ರು ಉಳಿಸಾಕೆ ಹಾಕಿದ್ದು!" ಎಂದ. ಅದು ನಿಜವೇ. ಆದರೆ ಹೆಸರು ಕೆಡಿಸಿದವರು ಯಾರು ಎಂದು ಹೇಳದೆ ಆ ನಿಜವನ್ನು ಹೇಳುವುದು ಹೇಗೆ? ಓಬಳೇಶ ಜುಲ್ಫಿಕರ್ ಅವರನ್ನು ನೋಡಿದ, ನೆಲ ನೋಡಿದ, ಕೊನೆಗೆ ಟೀ ಅಂಗಡಿಯಲ್ಲಿ ಆಡಿದ ಮಾತು, ಮೊಳಕಾಲ್ಮೂರಿನಿಂದ ಬಣ್ಣ ತಂದದ್ದು, ಎಲ್ಲವನ್ನೂ ಒಂದೂ ಬಿಡದೆ ಹೇಳಿಬಿಟ್ಟ.  ಗೋಡೆಯಾಚೆ ಹಿತ್ತಲ ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದ ಶಮಾ ಒಳಗೆ ಹೋದಳು.

ಹುಸೇನ್ ಸಾಬರು ನಡುವಿನ ಗೋಡೆಯ ಮೇಲೆ ಕೈಯಿಟ್ಟರು. "ಮೊಳಕಾಲ್ಮೂರಿಗೆ ಹೋದೆ, ಠಾಣೆಗೆ ಹೋದೆ. ಗ್ವಾಡೆ ಮ್ಯಾಲಿಂದ ತಲೆ ಹಾಕಿ, ಸಾಬ್ರೇ, ನೀರು ತಗಂಡ್ರಾ ಅಂತ ಒಂದು ಮಾತು ಕೇಳಬಾರ್ದಾಗಿತ್ತಾ?"



ಜುಲ್ಫಿಕರ್ ಓಬಳೇಶನ ಎದುರಿಗೆ ಬಂದು ನಿಂತರು. "ನೋಡ್ರಿ, ನಿಮ್ಮ ಮಾತು ಕೇಳೇ ನಾನು ಈ ಸಂಬಂಧ ಬೇಡ ಅಂದಿದ್ದೆ. ನಮ್ಮ ಭಾವ, ಹೋಗಿ ಊಟ ಮಾಡಿ ಮರ್ಯಾದೆಯಿಂದ ಹೇಳಿ ಬರಾನ ಅಂತ ಕರ್ಕಂಡು ಬಂದ್ರು. ಪಕ್ಕದ ಮನೆಯೋರ ಮಾತಿಗಿಂತ ದೊಡ್ಡ ಸಾಕ್ಷಿ ನಮ್ಮಲ್ಲಿ ಇಲ್ಲ. ಈಗ ಇನ್ನೊಂದ್ಸಲ ಕೇಳ್ತೀನಿ. ಇವ್ರು ಎಂಥಾ ಜನ?"

ಬೀದಿಯೇ ಕಿವಿಯಾಯಿತು. ಓಬಳೇಶನಿಗೆ ಚಿನ್ನ, ಮುತ್ತು ಎಂದೆಲ್ಲ ಹೇಳುವ ಆಸೆಯಿತ್ತು. ಒಂದೂ ಬಾಯಿಗೆ ಬರಲಿಲ್ಲ.

"ಎಂಥಾ ಜನ ಅಂದ್ರೆ... ನಾನು ಟ್ಯಾಂಕಿನಾಗೆ ಸಿಗಾಕ್ಕಂಡಾಗ ಎಳ್ದು ಹಾಕಿದ್ದು ಇವ್ರೇ. ಅದಾದ ಮ್ಯಾಲೆ ನಾನು ಇವ್ರನ್ನ ಕಳ್ರು ಅಂದೆ. ಮಗಳ ಮಾತು ಮುಗಿಸೋ ದಿನ ಇವ್ರ ನೀರಿಗೆ ಬಣ್ಣ ಹಾಕಿದೆ. ಮನೆಗೆ ಬಂದ ಬೀಗರ ಕೈ ಹಿಡ್ದು ಪೊಲೀಸ್ನ ಕರ್ದೆ. ಇಷ್ಟಾದ್ರೂ ಒಬ್ರೂ ನನ್ಮೇಲೆ ಕೈ ಎತ್ತಲಿಲ್ಲ, ಒಂದು ಕೆಟ್ಟ ಮಾತು ಆಡ್ಲಿಲ್ಲ. ನಾನಾಗಿದ್ರೆ ಒದೀತಿದ್ದೆ." ಅವನ ಕಣ್ಣು ತುಂಬಿ ಬಂತು. "ಇಂಥಾ ಮನೆ ಹುಡುಗಿ ನಿಮ್ಗೆ ಬ್ಯಾಡ ಅಂದ್ರೆ ಅದು ನಿಮ್ಮ ನಸೀಬು ಕಣ್ರಿ."

ಜುಲ್ಫಿಕರ್ ಭಾವನ ಮುಖ ನೋಡಿದರು. ಭಾವ ತಮ್ಮ ಮಗನ ಕೆನ್ನೆ ನೋಡಿದರು. ಎರಡು ರಾಣಿ ಬಣ್ಣದ ಮುಖಗಳು ಗಂಭೀರವಾಗಿ ತಲೆಯಾಡಿಸಿದ್ದನ್ನು ಕಂಡು ಜಯಕ್ಕನಿಗೆ ನಗು ತಡೆಯಲಾಗಲಿಲ್ಲ.

"ಹುಡುಗಿ ನಮ್ದಾದ್ಲು. ಊಟಕ್ಕೆ ಏಳ್ರಿ, ಆರಿ ಹೋಗ್ತೈತೆ" ಎಂದರು ಜುಲ್ಫಿಕರ್.

ಎಲ್ಲರೂ ಸಾಬರ ಮನೆಯೊಳಗೆ ನಡೆದರು. ಓಬಳೇಶ ಬಾಗಿಲಾಚೆಯೇ ನಿಂತಿದ್ದ. ಒಳಗೆ ಬಾ ಎನ್ನುವವರಿರಲಿಲ್ಲ, ಮನೆಗೆ ಹೋಗುವ ಮುಖವೂ ಇರಲಿಲ್ಲ. ಖುರ್ಷೀದ್ ಬೇಗಂ ಹಂಡೆಯಿಂದ ಒಂದು ತಂಬಿಗೆ ನೀರು ಮೊಗೆದು ತಂದು ಅವನೆದುರು ನಿಂತರು. ತಂಬಿಗೆಯಲ್ಲಿ ನೀರು ಕಡು ರಾಣಿ ಬಣ್ಣಕ್ಕೆ ಹೊಳೆಯುತ್ತಿತ್ತು.

"ಕೈ ತೊಳ್ಕ ತಮ್ಮಾ, ಊಟಕ್ಕೆ ಕೂರು. ನಮ್ಮನೇಲಿ ಇವತ್ತು ಇದೇ ನೀರು."

ಓಬಳೇಶ ಎರಡೂ ಕೈಗಳನ್ನು ಮುಂದೆ ಚಾಚಿದ.